ನರಸೀಪುರದ ಹಿತ್ತಲಿನಿಂದ ಕಿತ್ತು ತಂದ ಮರಿ

ಪುಟ್ಟಿ, ಗುಂಡು,

ನಿಮ್ಮ ಶಾಲೆಯ ಹೆಸರುಗಳನ್ನು ಬರೆಯಬೇಕೆಂದೇ ಪೆನ್ನು ಹಿಡಿದೆ. ಎರಡು ಹೆಸರಿನಲ್ಲೂ ಒಂದು ಒತ್ತಕ್ಷರದ ಬೆನ್ನಿಗೆ ಇನ್ನೊಂದು ಒತ್ತಕ್ಷರ. ಹಳ್ಳಿ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಓದಿದವಳ ಕೈಗೆ ಅಷ್ಟು ಬಿಗಿಯಾದ ಹೆಸರುಗಳು ಬಗ್ಗುವುದಿಲ್ಲ. ತಪ್ಪಾದರೆ ನೀವಿಬ್ಬರೂ ಕೆಂಪು ಪೆನ್ನು ತೆಗೆದುಕೊಂಡು ಕೂತುಬಿಡುತ್ತೀರಿ. ಆದ್ದರಿಂದ ಮನೆಯಲ್ಲಿ ಕರೆಯುವ ಹೆಸರೇ ಇರಲಿ.

ಹೋದ ವಾರ ಪುಟ್ಟಿ ಹಲ್ಲಿನ ಡಾಕ್ಟರ ಮನೆ ಕಾಂಪೌಂಡಿನ ಕುಂಡದಿಂದ ಒಂದು ದಪ್ಪ ಎಲೆ ಮುರಿದುಕೊಂಡು ಬಂದು, “ಅಜ್ಜಿ, ನಿಂಗೆ” ಎಂದು ನನ್ನ ಮಡಿಲಿಗೆ ಹಾಕಿದಳು. ನಾನು ಹುಬ್ಬು ಗಂಟಿಕ್ಕಿಕೊಂಡು, ಇನ್ನೊಬ್ಬರ ಗಿಡವನ್ನು ಕೇಳದೆ ಮುಟ್ಟಬಾರದು, ಕೆಳಗೆ ಬಿದ್ದದ್ದಿದ್ದರೆ ಮಾತ್ರ ಆರಿಸಿಕೊಳ್ಳಬೇಕು ಎಂದು ಬುದ್ಧಿ ಹೇಳಿದೆ. ನಿಮ್ಮಮ್ಮ ಅಡಿಗೆಮನೆಗೆ ಓಡಿಹೋದಳು. ನಲ್ಲಿ ಬಿಟ್ಟುಕೊಂಡು, ಆ ಸದ್ದಿನ ಮರೆಯಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಮ್ಮ ಯಾಕೆ ನಗ್ತಾಳೆ ಎಂದು ನೀವು ಕೇಳಿದಿರಿ. ನಾನು ಹಪ್ಪಳ ಕರಿಯಲೇ ಎಂದು ಮಾತು ತಿರುಗಿಸಿದೆ. ಎದುರಿಗೆ ಕೂತು ಹೇಳಲು ನನಗೆ ಇಂದಿಗೂ ನಾಚಿಕೆ. ಬರೆದರೆ ಮುಖ ತೋರಿಸಬೇಕಾಗಿಲ್ಲವಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ವಿಷಯ ಇಷ್ಟೆ. ನಿಮ್ಮಪ್ಪನಿಗೆ ಹೆಣ್ಣು ನೋಡಲು ನರಸೀಪುರಕ್ಕೆ ಹೋದ ದಿನ, ನಿಮ್ಮ ಅಜ್ಜಿ ಆ ಮನೆಯ ಹಿತ್ತಲಿನಲ್ಲಿ ಒಂದು ಗಿಡದ ಮರಿ ಕದ್ದಳು.

ಮೊದಲು ನನ್ನ ಗಿಡಗಳ ಮಾತು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನಾನು ಹುಟ್ಟಾ ಕಳ್ಳಿ ಎಂದುಕೊಂಡೀರಿ. ಈಗ ನಂಜನಗೂಡಿನ ನಮ್ಮ ತಾರಸಿಯ ಮೇಲೆ ನೀವು ಎಣಿಸಿ ಎಣಿಸಿ ತಪ್ಪುವಷ್ಟು ಕುಂಡಗಳಿವೆ. ನರ್ಸರಿಯವರು ಅವುಗಳನ್ನು ಸಕ್ಯುಲೆಂಟ್ ಎನ್ನುತ್ತಾರೆ. ನಾನು ದಪ್ಪೆಲೆ ಗಿಡ ಎನ್ನುತ್ತೇನೆ. ಎಲೆಯಲ್ಲೋ ಕಾಂಡದಲ್ಲೋ ನೀರು ಬಚ್ಚಿಟ್ಟುಕೊಂಡು, ಯಾರನ್ನೂ ಏನೂ ಕೇಳದೆ, ಬಿಸಿಲಿಗೆ ಮುಖ ಸಪ್ಪೆ ಮಾಡದೆ ಬದುಕುವ ಗಿಡಗಳು. ನನ್ನ ಪೈಕಿಯೇ ಅನ್ನಿ.

ನಾನು ಅವುಗಳ ಬೆನ್ನು ಹತ್ತಿದ್ದೂ ಅದಕ್ಕೇ. ಗುಲಾಬಿ ಕಡ್ಡಿ ಬೇಕಾದರೆ ಆ ಮನೆಯವರ ಬಾಗಿಲು ತಟ್ಟಬೇಕು, ಕುಶಲ ವಿಚಾರಿಸಬೇಕು, ಆಮೇಲೆ ನಾಲಿಗೆ ಹೊರಳಿಸಿ ಕೇಳಬೇಕು. ಅಷ್ಟು ಮಾಡುವಷ್ಟರಲ್ಲಿ ನನಗೆ ಗುಲಾಬಿಯೇ ಬೇಡವಾಗುತ್ತಿತ್ತು. ದಪ್ಪೆಲೆ ಗಿಡಕ್ಕೆ ಆ ಕಷ್ಟವಿಲ್ಲ. ಬ್ಯಾಂಕಿನ ಮೆಟ್ಟಿಲ ಬಳಿ, ಔಷಧಿ ಅಂಗಡಿಯ ಮುಂದೆ, ಯಾರದೋ ಕಾಂಪೌಂಡಿನ ಬುಡದಲ್ಲಿ ಒಂದು ಎಲೆ ಬಿದ್ದಿದ್ದರೆ ಸಾಕು. ಸೆರಗು ಸರಿಮಾಡಿಕೊಳ್ಳುವವಳ ಹಾಗೆ ಬಗ್ಗಿ ಎತ್ತಿಕೊಂಡು, ಸೊಂಟದ ಎಲೆಅಡಿಕೆ ಸಂಚಿಗೆ ಹಾಕಿಕೊಂಡರೆ ಆಯಿತು. ಆ ಒಂದು ಎಲೆಯೇ ಗಿಡವಾಗುತ್ತದೆ. ಬಿದ್ದದ್ದನ್ನು ಮಾತ್ರ ಎತ್ತುವುದು, ಮುರಿಯುವುದಿಲ್ಲ. ಇದು ನನಗೆ ನಾನೇ ಹಾಕಿಕೊಂಡ ಕಟ್ಟಳೆ. ನರಸೀಪುರದ ಆ ದಿನದವರೆಗೆ ಅದನ್ನು ಮೀರಿರಲಿಲ್ಲ.

ತಂದ ಎಲೆಯನ್ನು ಅದೇ ದಿನ ಮಣ್ಣಿಗೆ ಹಾಕಬಾರದು ಎಂಬುದನ್ನು ನೀವು ಕಲಿತುಕೊಳ್ಳಿ. ಗಾಯಕ್ಕೆ ಒಂದು ಚಿಟಿಕೆ ಅರಿಸಿನ ಸವರಿ, ನೆರಳಿನಲ್ಲಿ ಮೂರು ನಾಲ್ಕು ದಿನ ಬಿಡಬೇಕು. ಗಾಯ ಒಣಗಿ ಪೊರೆ ಕಟ್ಟಬೇಕು. ಆಮೇಲೆ ಎರಡು ಪಾಲು ಹೊಳೆ ಮರಳು, ಒಂದು ಪಾಲು ಕೆಮ್ಮಣ್ಣು, ಒಂದಿಷ್ಟು ಒಡೆದ ಹೆಂಚಿನ ಚೂರು, ಮೇಲೊಂದು ಹಿಡಿ ಹಳೆಯ ಗೊಬ್ಬರ. ತಳದಲ್ಲಿ ತೂತಿಲ್ಲದ ಪಾತ್ರೆ ಕೂಡದು. ಪಾತ್ರೆಯನ್ನು ಎತ್ತಿ ನೋಡಿ, ಹಗುರಾಗಿದ್ದರೆ ಮಾತ್ರ ನೀರು. ನಿಮ್ಮಪ್ಪನ ಹಾಗೆ ದಿನಾ ಬೆಳಿಗ್ಗೆ ಚೊಂಬು ಹಿಡಿದುಕೊಂಡು ಬಂದು ಪ್ರೀತಿ ಸುರಿದರೆ ಹದಿನೈದು ದಿನದಲ್ಲಿ ಕೊಳೆತುಹೋಗುತ್ತವೆ. ಅವನು ಹಾಗೆ ಕೊಂದ ಗಿಡಗಳ ಹೆಸರು ಬರೆದರೆ ಈ ಹಾಳೆಗಳು ಸಾಲವು. ಪಾಪ, ಅವನಿಗೆ ಹೇಳಬೇಡಿ. ಅವನು ಹೊಗೆ ಕಾರಣ, ಗಾಳಿ ಕಾರಣ ಎಂದು ನಂಬಿಕೊಂಡಿದ್ದಾನೆ.

ಈಗ ನಿಮ್ಮ ದೊಡ್ಡ ತಾತನ ವಿಚಾರ. ನಿಮ್ಮ ತಾತ ತೀರಿಕೊಂಡಾಗ ನಿಮ್ಮಪ್ಪ ಇನ್ನೂ ಹೈಸ್ಕೂಲಿನಲ್ಲಿದ್ದ. ಅಲ್ಲಿಂದ ಮುಂದೆ ನಮ್ಮ ಮನೆಯ ದೊಡ್ಡ ತೀರ್ಮಾನಗಳೆಲ್ಲ ಹೆಮ್ಮರಗಾಲದಲ್ಲಿರುವ ನಿಮ್ಮ ದೊಡ್ಡ ತಾತನ ಕೈಗೆ ಹೋದವು. ನಿಮ್ಮ ತಾತನ ಅಣ್ಣ, ನನಗೆ ಭಾವ. ಮನಸ್ಸು ಮೆತ್ತಗೆ, ಗಂಟಲು ಮಾತ್ರ ಗದ್ದೆಯ ಆಚೆ ದಡಕ್ಕೂ ಕೇಳುವಂಥದ್ದು. ಮದುವೆಯಾಗಿ ಬಂದಂದಿನಿಂದ ನಾನು ಅವರ ಎದುರು ಬಾಯಿ ತೆರೆದವಳಲ್ಲ. ಹೇಳುವುದಿದ್ದರೆ ಅವರ ಹೆಂಡತಿಗೆ, ಅಂದರೆ ನಿಮ್ಮ ದೊಡ್ಡಜ್ಜಿಗೆ ಹೇಳುತ್ತಿದ್ದೆ. ಅವರು ನನಗೆ ಓರಗಿತ್ತಿ, ಅಕ್ಕ ಎಂದೇ ಕರೆಯುವುದು. ಅಕ್ಕ ನನ್ನ ಮಾತನ್ನು ಗಂಡನಿಗೆ ಮುಟ್ಟಿಸುವಾಗ ಸುಮ್ಮನೆ ಮುಟ್ಟಿಸುವವರಲ್ಲ. ನಾನು ಎರಡು ತೆಂಗಿನಕಾಯಿ ಕೇಳಿದ್ದರೆ, ಭಾವನ ಕಿವಿ ಸೇರುವಾಗ ಅದು ಒಂದು ಗೋಣಿಚೀಲವಾಗಿ, ಜೊತೆಗೆ ನನಗೆ ಕಾಲುನೋವೂ ಬಂದಿರುತ್ತಿತ್ತು.

ನಿಮ್ಮಪ್ಪನಿಗೆ ಆಗ ಹಾಲಿನ ಡೈರಿಯಲ್ಲಿ ಕೆಲಸ ಸಿಕ್ಕಿ ಎರಡು ವರ್ಷವಾಗಿತ್ತು. ಆಷಾಢಕ್ಕೆ ಇನ್ನು ಮೂರೇ ದಿನ ಇದೆ ಎನ್ನುವಾಗ, ಒಂದು ಭಾನುವಾರ, ಬಾಡಿಗೆ ವ್ಯಾನಿನಲ್ಲಿ ನಾವು ನಾಲ್ಕು ಜನ ನರಸೀಪುರಕ್ಕೆ ಹೊರಟೆವು. ಭಾವ ಮುಂದಿನ ಸೀಟಿನಲ್ಲಿ ಕೂತು ಹಿಂದೆ ತಿರುಗಿ ಕಟ್ಟಳೆ ಹೇಳಿದರು.

“ತಿಂಡಿ ಕಾಪಿ ಕೊಟ್ರೆ ತಕ್ಕೊಳ್ಳಿ. ಊಟಕ್ಕೆ ಎಬ್ಬುಸುದ್ರೆ ಬ್ಯಾಡ ಅನ್ನಿ. ಬರೋವಾಗ ಅವರ ಮನೆಯಿಂದ ಏನೂ ತರಂಗಿಲ್ಲ. ಒಂದು ನಿಂಬೆಅಣ್ಣು ತಂದ್ರೂ ಒಪ್ಕೊಂಡಂಗೆ ಕಣ್ರವ್ವ. ಆಮೇಲೆ ಇಂದೆ ಸರಿಯಂಗಿಲ್ಲ.”

“ನೀರು ಕುಡೀಬೌದಾ?” ಎಂದು ಅಕ್ಕ ಕೇಳಿದರು.

“ಕುಡಿ, ಅಲ್ಲೇ ಕುಡಿ. ತುಂಬ್ಕೊಂಡು ಬರ್ಬ್ಯಾಡ.”

ಹುಡುಗಿಯ ಮನೆ ಬಸ್‌ ಸ್ಟ್ಯಾಂಡಿನಿಂದ ಸ್ವಲ್ಪ ಒಳಗೆ. ತಂದೆ ಇಲ್ಲ, ತಾಯಿ ಅಂಗನವಾಡಿಯಲ್ಲಿ ಕೆಲಸ ಮಾಡುತ್ತಿದ್ದರು. ಅವರೇ ನಿಮ್ಮ ನರಸೀಪುರದ ಅಜ್ಜಿ. ಕೇಸರಿಬಾತು, ಉಪ್ಪಿಟ್ಟು ಬಂತು. ಆಮೇಲೆ ಕಾಫಿ ತಟ್ಟೆ ಹಿಡಿದುಕೊಂಡು ಹುಡುಗಿ ಬಂದಳು. ನಿಮ್ಮಪ್ಪ ತಲೆ ಎತ್ತಲಿಲ್ಲ. ಹುಡುಗಿಯನ್ನು ನೋಡಿದನೋ, ಕೇಸರಿಬಾತಿನ ದ್ರಾಕ್ಷಿ ಎಣಿಸಿದನೋ, ಈಗ ನೀವೇ ಕೇಳಿ ತಿಳಿದುಕೊಳ್ಳಿ.

ಪ್ರಶ್ನೆ ಕೇಳುವ ಕೆಲಸ ಭಾವನದು.

“ಮುದ್ದೆ ತಿರುವಾಕೆ ಬತ್ತದೇನವ್ವ?”

ಹೆಣ್ಣು ನೋಡಲು ಹೋದ ಕಡೆ ಇದಕ್ಕೆ ಹೂಂ ಎನ್ನುವುದು, ತಲೆ ತಗ್ಗಿಸುವುದು ವಾಡಿಕೆ. ನಿಮ್ಮಮ್ಮ ತಲೆ ತಗ್ಗಿಸಲಿಲ್ಲ.

“ಬರುತ್ತೆ. ನಾಲ್ಕು ಜನಕ್ಕೆ ಅಂದ್ರೆ ಗಂಟಿಲ್ದಂಗೆ ತಿರುವ್ತೀನಿ. ಹತ್ತು ಜನಕ್ಕೆ ಅಂದ್ರೆ ಗ್ಯಾರಂಟಿ ಇಲ್ಲ. ನಿಮ್ಮನೇಲಿ ಎಷ್ಟು ಜನ?”

ಭಾವನಿಗೆ ಜೀವಮಾನದಲ್ಲಿ ಮೊದಲ ಸಲ ಹೆಣ್ಣಿನ ಕಡೆಯಿಂದ ಪ್ರಶ್ನೆ ಬಂದಿತ್ತು. ಅವರು ಮೀಸೆ ಸವರಿಕೊಂಡು, ಬಿ.ಕಾಂ. ಓದಿ ಏನು ಮಾಡುತ್ತೀ ಎಂದರು. ಅವಳು ಅಂಗಡಿಯೊಂದರಲ್ಲಿ ಬಿಲ್ ಬರೆಯುತ್ತೇನೆ ಎಂದು ಹೇಳಿ, ಮದುವೆಯಾದ ಮೇಲೂ ಹೋಗಬಹುದಾ ಎಂದಳು. ದೇವರ ಮೇಲೆ ಭಕ್ತಿ ಇದೆಯಾ ಎಂದರು. ಇದೆ ಎಂದು, ನಿಮ್ಮ ಮನೆದೇವರು ಯಾವುದು ಎಂದಳು. ಹೀಗೆ ಪ್ರತಿ ಉತ್ತರದ ಬಾಲಕ್ಕೆ ಒಂದು ಪ್ರಶ್ನೆ. ಎಲ್ಲಾ ಮರ್ಯಾದೆಯ ಪ್ರಶ್ನೆಗಳೇ. ಆದರೂ ಭಾವನ ಕಾಫಿ ಆರಿಹೋಯಿತು.

ನಾನು ಮೂಲೆಯಲ್ಲಿ ಕೂತಿದ್ದೆ. ಹುಡುಗನ ತಾಯಿಯಾದ ನಾನು ಏನಾದರೂ ಕೇಳಲಿ ಎಂದು ಅವರೆಲ್ಲ ನನ್ನನ್ನೇ ನೋಡುತ್ತಿದ್ದರು. ಕೈ ತೊಳೆಯಬೇಕೆಂದು ಸನ್ನೆ ಮಾಡಿ ಹಿತ್ತಲಿಗೆ ಎದ್ದುಹೋದೆ.

ಅಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ಸಾಲಾಗಿ ದಪ್ಪೆಲೆ ಗಿಡಗಳು! ತಳ ಸೋರುವ ಬಕೆಟ್ಟು, ಹಿಡಿ ಮುರಿದ ಬಾಣಲೆ, ಪೇಂಟಿನ ಡಬ್ಬ. ಒಂದೊಂದನ್ನೂ ನೀರು ನಿಲ್ಲದ ಹಾಗೆ ಇಟ್ಟಿಗೆ ಚೂರುಗಳ ಮೇಲೆ ಎತ್ತರಿಸಿ ಕೂರಿಸಿತ್ತು. ಒಂದರ ಕಾಂಡವನ್ನು ಹೊಸದಾಗಿ ಕತ್ತರಿಸಿದ್ದರು. ಕತ್ತರಿಸಿದ ಕಡೆ ಅರಿಸಿನ ಸವರಿತ್ತು. ಅದುವರೆಗೆ ಅರಿಸಿನದ ವಿಚಾರ ನನಗೊಬ್ಬಳಿಗೇ ಗೊತ್ತು ಎಂದುಕೊಂಡಿದ್ದೆ. ಎದೆಯೊಳಗೆ ಏನೋ ಹಗುರಾಯಿತು. ಈ ಮನೆಯಲ್ಲಿ ಯಾರೋ ನನ್ನಂಥವರು ಇದ್ದಾರೆ.

ಆಮೇಲೆ ಅದು ಕಂಡಿತು. ಲೋಳೆಸರದ ಮೊಮ್ಮಗಳು ಅನ್ನಬೇಕು, ಅಷ್ಟು ಪುಟ್ಟದು. ಕಡುಹಸಿರು ಎಲೆ, ಚೂಪು ತುದಿ, ಎಲೆಯ ಬೆನ್ನ ಮೇಲೆ ರಂಗೋಲಿ ಪುಡಿಯಲ್ಲಿ ಎಳೆದ ಹಾಗೆ ಅಡ್ಡಡ್ಡ ಬಿಳಿ ಗೆರೆ. ತಾಯಿಯ ಸುತ್ತ ಆರೇಳು ಮರಿ, ಮಧ್ಯಾಹ್ನದ ಬಸ್ಸಿನ ಬಾಗಿಲಿಗೆ ನೇತುಬಿದ್ದವರ ಹಾಗೆ ಒತ್ತಿಕೊಂಡಿದ್ದವು. ಅಂಥದ್ದನ್ನು ನಾನು ಅದುವರೆಗೆ ಕಂಡೇ ಇರಲಿಲ್ಲ.

ಕೆಳಗೆ ಏನಾದರೂ ಬಿದ್ದಿದೆಯೇ ಎಂದು ನೋಡಿದೆ. ಇಲ್ಲ. ಕಲ್ಲಿನ ಸಂದಿಯಲ್ಲಿ ನೋಡಿದೆ. ಅಲ್ಲೂ ಇಲ್ಲ. ಆ ಮನೆಯವರು ಗುಡಿಸುವುದರಲ್ಲಿ ಬಹಳ ಗಟ್ಟಿ. ಒಳಗಿನಿಂದ ಭಾವನ ಕೆಮ್ಮು ಕೇಳಿಸಿತು. ಆಮೇಲೆ ಏನಾಯಿತೆಂದು ನನ್ನನ್ನು ಕೇಳಬೇಡಿ, ನನ್ನ ಕೈಯನ್ನು ಕೇಳಿ. ಅಂಚಿನ ಮರಿಯೊಂದನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿದೆ. ಟಿಕ್ ಎಂದು ಬಂತು. ಸಂಚಿಗೆ ಹಾಕಿ ದಾರ ಎಳೆದೆ.

ತಿರುಗಿದರೆ ಹಿಂದೆ ಹುಡುಗಿ! ನನಗೆ ಕೈ ತೊಳೆಯಲೆಂದು ಒಂದು ತಂಬಿಗೆ ನೀರು ಹಿಡಿದುಕೊಂಡು ನಿಂತಿದ್ದಳು.

“ಬೇರು ಬಂದಿತ್ತಾ, ನೋಡಿ ಕಿತ್ರಾ ಅಮ್ಮ?” ಎಂದಳು.

ನಾನು ಸೆರಗು ಎಳೆದು ಸಂಚಿ ಮುಚ್ಚಿಕೊಂಡೆ.

“ಮೂರು ದಿನ ನೀರು ಹಾಕ್ಬೇಡಿ. ಬೇಕಿದ್ರೆ ಇನ್ನೊಂದು ತಗೊಳ್ಳಿ. ಒಂಟಿ ಮರಿಗೆ ಬೇಜಾರಾಗುತ್ತೆ.”

ಮುಖ ಗಂಭೀರವಾಗಿಯೇ ಇತ್ತು, ಕಣ್ಣು ಮಾತ್ರ ನಗುತ್ತಿತ್ತು. ನಾನು ಏನಾದರೂ ಹೇಳಬೇಕಿತ್ತು. ತಪ್ಪಾಯಿತು ಅನ್ನಬಹುದಿತ್ತು, ಗಿಡ ಚೆನ್ನಾಗಿದೆ ಅನ್ನಬಹುದಿತ್ತು. ಒಂದು ಮಾತೂ ಆಡದೆ, ಕೈಯನ್ನೂ ತೊಳೆಯದೆ, ಒಳಗೆ ಹೋಗಿ ಅಕ್ಕನ ಪಕ್ಕ ಕೂತುಬಿಟ್ಟೆ.

ಹೊರಡುವಾಗ ಹುಡುಗಿಯ ತಾಯಿ ಒಂದು ಚೀಲ ಎಳೆ ಬದನೆಕಾಯಿ ತಂದು ಅಕ್ಕನ ಮುಂದೆ ಹಿಡಿದರು. “ಇತ್ಲಲ್ಲಿ ಬೆಳೆದದ್ದು ಕಣ್ರೀ, ಬ್ಯಾಡ ಅನ್ಬ್ಯಾಡಿ.” ಅಕ್ಕನಿಗೆ ಬದನೆಕಾಯಿ ಎಂದರೆ ಪ್ರಾಣ. ಕೈ ಅರ್ಧ ದಾರಿಗೆ ಹೋಗಿತ್ತು. ಭಾವ ಒಂದೇ ಸಲ ಕೆಮ್ಮಿದರು. ಅಕ್ಕನ ಕೈ ಬಂದ ದಾರಿಯಲ್ಲೇ ವಾಪಸಾಯಿತು.

“ತೆಪ್ಪು ತಿಳ್ಕಬ್ಯಾಡ್ರವ್ವ. ನಮ್ಮಲ್ಲಿ ಮಾತು ಮುಗಿಯೋಗಂಟ ಒಂದು ಕಡ್ಡೀನೂ ತಕ್ಕೊಂಡೋಗಲ್ಲ,” ಎಂದು ಭಾವ ಗತ್ತಿನಿಂದ ಕೈಮುಗಿದರು. ಬಾಗಿಲಿನ ಸಂದಿಯಿಂದ ನಿಮ್ಮಮ್ಮ ನನ್ನ ಸೊಂಟದ ಸಂಚಿಯನ್ನೇ ನೋಡುತ್ತಿದ್ದಳು.

ವ್ಯಾನು ಊರು ದಾಟುತ್ತಿದ್ದ ಹಾಗೆ ಭಾವ ತೀರ್ಪು ಕೊಟ್ಟರು.

“ಮನೆ ವಾಸಿ, ಜನ ವಾಸಿ. ಉಡುಗಿ ಬಾಯಿ ಜೋರು. ನಮ್ಮ ಉಡುಗಂಗೆ ಬಾಯಿಲ್ಲ, ಅವರವ್ವಂಗೆ ಮೊದ್ಲೇ ಇಲ್ಲ. ಇವಳು ಬಂದ್ರೆ ಇಬ್ರನ್ನೂ ಗಂಟು ಕಟ್ಕೊಂಡೋಗಿ ನರಸೀಪುರದ ಸಂತೇಲಿ ಮಾರ್ಬುಟ್ಟು ಬತ್ತಾಳೆ.”

“ಇವರಿಬ್ರನ್ನ ಯಾರು ಕೊಂಡ್ಕತ್ತಾರೆ ಬುಡಿ,” ಎಂದರು ಅಕ್ಕ.

ಭಾವ ನಗಲಿಲ್ಲ. ಅವರಿಗೆ ನಿಜವಾಗಿಯೂ ನನ್ನದೇ ಯೋಚನೆ. ತಮ್ಮನ ಹೆಂಡತಿ ಸೊಸೆಯ ಕೈಯಲ್ಲಿ ಸಿಕ್ಕಿ ನಲುಗಬಾರದು ಎಂದು. “ಆಸಾಡ ಕಳೀಲಿ. ಒಲ್ಲೆ ಅನ್ನಾಕೂ ಆಸಾಡ ಬ್ಯಾಡ. ಸ್ರಾವಣ ಬಂದೇಟ್ಗೆ ಪೋನ್ ಮಾಡಿ, ಬ್ಯಾರೆ ಕಡೆ ನೋಡ್ಕಳಿ ಅಂತೀನಿ. ಬಿಳಿಗೆರೆ ಊರಲ್ಲಿ ಇನ್ನೊಂದು ಎಣ್ಣು ಅದೆ, ತಲೇನೇ ಎತ್ತಾಕಿಲ್ವಂತೆ.”

ನನಗೆ ಅಳು ಬರುವ ಹಾಗಾಯಿತು. ನನಗೆ ಆ ಹುಡುಗಿಯೇ ಬೇಕಿತ್ತು, ಮಕ್ಕಳಾ. ತಲೆ ಎತ್ತದ ಇನ್ನೊಬ್ಬಳು ನಮ್ಮ ಮನೆಗೆ ಬಂದು ಮಾಡುವುದೇನು? ನಿಮ್ಮ ತಾತ ಹೋದ ಮೇಲೆ ನಮ್ಮ ಮನೆಯಲ್ಲಿ ಹೆಚ್ಚು ಮಾತಾಡುತ್ತಿದ್ದದ್ದು ಕುಕ್ಕರು. ನಿಮ್ಮಪ್ಪ ಊಟಕ್ಕೆ ಕೂತರೆ ‘ಸಾಕು’ ಎನ್ನುವುದೇ ಅವನ ದೊಡ್ಡ ಮಾತು. ಹಿತ್ತಲಿನಲ್ಲಿ ನನ್ನನ್ನು ಕಳ್ಳತನದಲ್ಲಿ ಹಿಡಿದೂ, ನನ್ನ ಮಾನ ಕಾಪಾಡಿ, ನೀರು ಹಾಕಬೇಡಿ ಎಂದು ಹೇಳಿದವಳನ್ನು ಬಿಟ್ಟು ಇನ್ನಾರನ್ನು ತರಲಿ? ಇದನ್ನು ಭಾವನಿಗೆ ಹೇಳಲು ನನಗಿದ್ದದ್ದು ಒಂದು ಆಷಾಢ ಮಾಸ. ಶ್ರಾವಣ ಬಂತೆಂದರೆ ಅವರು ಫೋನ್ ಮಾಡಿಬಿಡುತ್ತಾರೆ.

ಮರಿಗೆ ಅರಿಸಿನ ಸವರಿ ಕಿಟಕಿಯ ಮೇಲಿಟ್ಟೆ. ನಾಲ್ಕನೆಯ ದಿನ, ತೂತು ಕೊರೆದ ಒಂದು ತೆಂಗಿನ ಚಿಪ್ಪಿನಲ್ಲಿ ಮರಳು ತುಂಬಿ ನೆಟ್ಟೆ. ಆಷಾಢದ ಗಾಳಿ, ಜಡಿಮಳೆ. ದಪ್ಪೆಲೆ ಗಿಡಕ್ಕೆ ಬಿಸಿಲಿಗಿಂತ ಈ ಜಿಟಿಜಿಟಿಯೇ ಶತ್ರು. ಮೋಡ ಬಂದರೆ ಒಳಗೆ, ಎಳೆಬಿಸಿಲು ಬಂದರೆ ಹೊರಗೆ, ದಿನಕ್ಕೆ ಹತ್ತು ಸಲ ಆ ಚಿಪ್ಪನ್ನು ಬಾಣಂತಿಯ ಕೂಸಿನ ಹಾಗೆ ಎತ್ತಿಕೊಂಡು ಓಡಾಡಿದೆ. ಎರಡನೆಯ ವಾರ ಮರಿ ಸೊರಗಿತು. ಹಸಿರು ಹೋಗಿ ಕಂದು ತಿರುಗಿತು. ಸತ್ತೇಹೋಯಿತೆಂದುಕೊಂಡೆ. ಆದರೂ ನೀರು ಹಾಕಲಿಲ್ಲ. ಬೇರಿಲ್ಲದ ಗಿಡಕ್ಕೆ ಗಾಬರಿಯಿಂದ ನೀರು ಹಾಕುವುದು ಎಂದರೆ ನಾವೇ ಕೈಯಾರೆ ಕೊಳೆಸುವುದು.

ಮಾತಿನ ಕೆಲಸ ಮಾತ್ರ ಮುಂದುವರಿಯಲಿಲ್ಲ. ಮೊದಲು ನಿಮ್ಮಪ್ಪನನ್ನು ಕೇಳಿದೆ. “ಹುಡುಗಿ ಹೇಗಿದ್ದಳೋ?” “ದೊಡ್ಡಪ್ಪ ಹೇಳಿದ ಹಾಗೆ ಅಮ್ಮ,” ಎಂದು ಬೈಕು ಒರೆಸಲು ಹೋದ. ಆ ತಿಂಗಳು ಅವನು ಬೈಕು ಒರೆಸಿದಷ್ಟು ಇನ್ನು ಯಾವತ್ತೂ ಒರೆಸಿಲ್ಲ. ಮನಸ್ಸಿದೆ ಎಂದು ಗೊತ್ತಾಯಿತು, ಬಾಯಿಲ್ಲ ಎಂಬುದೂ ಗೊತ್ತಿದ್ದದ್ದೇ. ನನ್ನ ಮಗ ತಾನೇ.

ಆಮೇಲೆ ಅಕ್ಕನಿಗೆ ಫೋನ್ ಮಾಡಿ, ನನಗೆ ಆ ಹುಡುಗಿ ಇಷ್ಟ, ಭಾವನಿಗೆ ಹೇಳಿ ಎಂದೆ.

“ನಾನೇಳಕಿಲ್ಲ ಕಣಮ್ಮಿ. ನಿಂಗೆ ಬಾಯಿಲ್ಲ ಅಂತ್ಲೇ ಅವರು ಒಲ್ಲೆ ಅಂತಿರೋದು. ನಿನ್ನ ಮಾತ ನಾ ತಕ್ಕೊಂಡೋದ್ರೆ, ನೋಡು, ಇದ್ಕೂ ಅವಳ್ಗೆ ನೀನೇ ಬೇಕಾಯ್ತು ಅಂತಾರೆ. ನೀನೇ ಬಂದು ಬಾಯಿಬುಡು.”

ಅಕ್ಕನ ಮಾತು ನ್ಯಾಯವಾಗಿತ್ತು. ಒಂದು ಮಂಗಳವಾರ ಬಸ್ಸು ಹತ್ತಿ ಹೆಮ್ಮರಗಾಲಕ್ಕೆ ಹೋದೆ. ದಾರಿಯುದ್ದಕ್ಕೂ ಮಾತನ್ನು ಕಟ್ಟಿ ಕಟ್ಟಿ ಬಾಯಿಪಾಠ ಮಾಡಿದೆ. ಭಾವ ಹಸು ತೊಳೆಯುತ್ತಿದ್ದರು. “ಏನವ್ವ ಬಂದೆ?” ಎಂದರು. ನಾನು ಸೆರಗು ಎಳೆದುಕೊಂಡು, “ಡಬ್ಬಿ ಕೊಡೋಣಾಂತ” ಎಂದು ಅಕ್ಕನ ಕಡೆ ನೋಡುತ್ತಾ ಹೇಳಿದೆ. ಡಬ್ಬಿ ಅಕ್ಕನದೂ ಅಲ್ಲ, ನನ್ನದೇ. ಕೊಟ್ಟು, ಕಾಫಿ ಕುಡಿದು, ಮುಂದಿನ ಬಸ್ಸಿಗೆ ವಾಪಸು ಬಂದೆ. ಆ ಡಬ್ಬಿ ಇವತ್ತಿಗೂ ಅವರ ಮನೆಯಲ್ಲಿದೆ, ಕೇಳಲು ನಾಚಿಕೆ.

ಶ್ರಾವಣ ಬಂತು. ಮೊದಲ ಸೋಮವಾರ ನಂಜುಂಡೇಶ್ವರನ ದರ್ಶನ ಮುಗಿಸಿಕೊಂಡು ಭಾವ, ಅಕ್ಕ ನಮ್ಮ ಮನೆಗೆ ಬಂದರು. ತಿಂಡಿಯಾದ ಮೇಲೆ ಭಾವ ಜಗಲಿಯ ಮೇಲೆ ಕೂತು, ಫೋನನ್ನು ಮೊಳ ದೂರ ಹಿಡಿದು ಕಣ್ಣು ಕಿರಿದು ಮಾಡಿಕೊಂಡು ನಂಬರು ಹುಡುಕತೊಡಗಿದರು.

“ನರಸೀಪುರದೋರ್ಗೆ ಏಳ್ಬುಡ್ತೀನಿ. ಪಾಪ, ಕಾಯ್ಕೊಂಡಿರ್ತಾರೆ.”

ನಾನು ಬಾಗಿಲ ಹಿಂದೆ ನಿಂತಿದ್ದೆ. ಮಾತು ಕಟ್ಟಲು ಹೋದರೆ ಒಂದೂ ಬರಲಿಲ್ಲ. ಕಿಟಕಿಯ ಮೇಲಿದ್ದ ಚಿಪ್ಪನ್ನು ಎತ್ತಿಕೊಂಡು ಹೊರಗೆ ಬಂದು, ಭಾವನ ಮುಂದೆ ಜಗಲಿಯ ಮೇಲಿಟ್ಟೆ. ಇಟ್ಟ ಮೇಲೆ ಏನಾದರೂ ಹೇಳಲೇಬೇಕಾಯಿತು.

“ಭಾವ, ಇದು ಆ ಮನೇದು.”

ಭಾವ ಚಿಪ್ಪನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಮಾತಾಡಿದವರು ಬೇರೆ ಯಾರಾದರೂ ಇರಬಹುದೇ ಎಂದು ಹಿಂದೆ ನೋಡಿದರು.

“ಯಾವ ಮನೇದು?”

“ನರಸೀಪುರದ್ದು. ಅವತ್ತು ಇತ್ಲಲ್ಲಿ ಕಿತ್ಕೊಂಡೆ.”

“ಅವರು ಕೊಟ್ರಾ?”

“ಇಲ್ಲ.”

“ಮತ್ತೆ?”

“ಕದ್ದೆ.”

ಅಕ್ಕ ಬಾಯಿಗೆ ಸೆರಗು ತುರುಕಿಕೊಂಡರು. ಭಾವನ ಮುಖ ಕೆಂಪಾಯಿತು. “ನಮ್ಮ ವಂಸದಲ್ಲಿ ಕದ್ದೋರೇ ಇಲ್ವಲ್ಲವ್ವ! ನಾನಲ್ಲಿ ಒಂದು ಕಡ್ಡೀನೂ ತಕ್ಕೊಂಡೋಗಲ್ಲ ಅಂತ ಕೈಮುಗೀತಿದ್ರೆ, ನಿನ್ನ ಸೊಂಟದಾಗೆ ಇದಿತ್ತಾ?”

“ಊಂ.”

“ನಿಂಬೆಅಣ್ಣು ತಂದ್ರೂ ಒಪ್ಕೊಂಡಂಗೆ ಅಂದಿದ್ರಿ. ಇದು ಗಿಡ,” ಎಂದು ಅಕ್ಕ ಸೆರಗಿನೊಳಗಿಂದಲೇ ಹೇಳಿದರು.

“ನೀ ಸುಮ್ಕಿರು. ಇದನ್ನ ಕಿತ್ತು ಕೊಡು, ಇವತ್ತೇ ಯಾರಾದ್ರೂ ಉಡುಗ್ರ ಕೈಲಿ ವಾಪಸ್ ಕಳುಸ್ತೀನಿ. ಕೊಟ್ಬುಟ್ರೆ ಏನೂ ಇಲ್ಲ.” ಭಾವ ತಾವೇ ಮರಿಯನ್ನು ಎರಡು ಬೆರಳಲ್ಲಿ ಹಿಡಿದು ಎತ್ತಿದರು. ಮರಿ ಬರಲಿಲ್ಲ. ಚಿಪ್ಪು, ಮರಳು, ಹೆಂಚಿನ ಚೂರು ಎಲ್ಲ ಒಟ್ಟಾಗಿ ಮೇಲೆದ್ದು ಬಂದು ಅವರ ಕೈಯಲ್ಲಿ ಜೋತಾಡಿತು.

ಮರಿ ಬೇರು ಹಿಡಿದಿದೆ ಎಂದು ನನಗೂ ಆಗಲೇ ಗೊತ್ತಾದದ್ದು. ನಡುವೆ ಒಂದು ಹೊಸ ಎಲೆ, ಬಿಳಿ ಗೆರೆಯೊಂದಿಗೆ, ಉಗುರಿನಷ್ಟು ಇಣುಕುತ್ತಿತ್ತು. ಇಡೀ ತಿಂಗಳು ಅದರ ಮುಖವನ್ನೇ ನೋಡಿದ್ದ ನನಗೆ ಸಂತೋಷ ತಡೆಯಲಾಗಲಿಲ್ಲ. ಆ ಸಂತೋಷದಲ್ಲೇ ಬಾಯಿ ಬಿಟ್ಟುಹೋಯಿತು ಎಂದು ಕಾಣುತ್ತದೆ.

“ಬೇರು ಬುಟ್ಟದೆ ಭಾವ, ಈಗ ಕೀಳ್ಬ್ಯಾಡಿ. ಆ ಉಡುಗಿ ನಾ ಕದಿಯೋದ ಕಣ್ಣಾರೆ ನೋಡುದ್ಲು. ಯಾರ ಮುಂದೂ ಏಳ್ಲಿಲ್ಲ. ಮೂರು ದಿನ ನೀರು ಆಕ್ಬ್ಯಾಡಿ ಅಂದ್ಲು, ಅಷ್ಟೇಯ. ಬಾಯಿದ್ರೂ ಎಲ್ಲಿ ಮುಚ್ಚಬೇಕು ಅಂತ ಗೊತ್ತದೆ ಅವಳ್ಗೆ. ನಮ್ಮನೇಲಿ ಇರೋ ಇಬ್ರೂ ಬಾಯಿ ಬುಡಾಕಿಲ್ಲ. ತಲೆ ಎತ್ತದೇ ಇರೋಳು ಇನ್ನೊಬ್ಳು ಬಂದು ಮೂರೂ ಜನ ಗ್ವಾಡೆ ನೋಡ್ತಾ ಕೂತ್ಕಬೇಕಾ? ನಂಗೆ ಆ ಉಡುಗೀನೇ ಬೇಕು.”

ಒಳಗೆ ನಿಮ್ಮಪ್ಪನ ಕೈಯಿಂದ ಲೋಟ ಬಿದ್ದ ಸದ್ದು ಕೇಳಿಸಿತು.

ಭಾವ ಚಿಪ್ಪನ್ನು ಮೆಲ್ಲಗೆ ಕೆಳಗಿಟ್ಟರು. ಅಂಗೈಯ ಮರಳು ಒರೆಸಿಕೊಂಡರು. “ಇಷ್ಟೊಂದು ಮಾತ ಇಷ್ಟು ವರ್ಸ ಎಲ್ಲಿ ಮಡಗಿದ್ದವ್ವ ನೀನು?” ಎಂದರು. ದನಿ ಮೆತ್ತಗಾಗಿತ್ತು. “ಹಿಂಗೆ ಮಾತಾಡೋಳ ಯಾವ ಸೊಸೆ ಮಾರಕಾದದು? ನಂಗೆ ಆ ಉಡುಗಿ ಮ್ಯಾಗೇ ಅಯ್ಯೋ ಅನ್ನುಸ್ತದೆ.” ಆಮೇಲೆ ಬೆರಳೆತ್ತಿ ನಮ್ಮಿಬ್ಬರಿಗೂ ಹೇಳಿದರು, “ಈ ಕದ್ದ ಇಸ್ಯ ಮಾತ್ರ ಈ ಜಗಲಿ ದಾಟಂಗಿಲ್ಲ.”

ನಂಬರು ಒತ್ತಿದರು. ನಮಗೆ ಒಪ್ಪಿಗೆ ಎಂದರು. ಫೋನಿನಲ್ಲಿ ಹುಡುಗಿಯ ತಾಯಿಯ ದನಿ ನನಗೂ ಕೇಳಿಸುತ್ತಿತ್ತು. “ನಮಗೆ ಆಸೆ ಇರ್ಲಿಲ್ಲ ಕಣ್ರೀ. ಮಗಳು ಮಾತ್ರ, ಅವರು ಒಪ್ಪೇ ಒಪ್ತಾರೆ ನೋಡ್ತಿರವ್ವ ಅಂತಿದ್ಲು. ಎಂಗೆ ಗೊತ್ತೇ ಅಂದ್ರೆ ಬಾಯಿ ಬುಡ್ಲಿಲ್ಲ.”

ಮದುವೆಯಾಗಿ ಬಂದ ಮಾರನೆಯ ವಾರ, ತಾರಸಿಯ ಮೇಲೆ ಇಬ್ಬರೇ ಮಣ್ಣು ಕಲಸುತ್ತಿದ್ದಾಗ ನಾನು ಧೈರ್ಯ ಮಾಡಿ ಕೇಳಿದೆ, ಅವತ್ತು ಯಾಕೆ ಯಾರಿಗೂ ಹೇಳಲಿಲ್ಲ ಎಂದು.

“ಜೋರು ಮಾಡೋ ಅತ್ತೆಗಿಂತ ಕದಿಯೋ ಅತ್ತೆ ವಾಸಿ ಅನ್ನಿಸ್ತು,” ಎಂದಳು ನಿಮ್ಮಮ್ಮ, ಕೈ ನಿಲ್ಲಿಸದೆ. “ಗುಟ್ಟು ನನ್ನ ಕೈಲಿದ್ರೆ ನೀವು ಜೀವಮಾನದಲ್ಲಿ ನನ್ನನ್ನ ಬೈಯೋಕಾಗಲ್ಲ ಅಲ್ವಾ ಅತ್ತೆ?”

ಬೈಯಲು ಆಗಿಯೂ ಇಲ್ಲ. ಉಪ್ಪು ಹೆಚ್ಚಾಗಿದೆ ಎಂದು ನಾನು ಮುಖ ಕಿವುಚಿದರೆ ಸಾಕು, ಅವಳು ನನ್ನ ಸಂಚಿಯ ಕಡೆ ನೋಡುತ್ತಾಳೆ. ನಾನು ಸುಮ್ಮನೆ ಇನ್ನೊಂದು ಸೌಟು ಬಡಿಸಿಕೊಳ್ಳುತ್ತೇನೆ.

ಇದು ನಡೆದ ಸಂಗತಿ. ಇದನ್ನು ಬರೆದಿಡಲು ಇನ್ನೊಂದು ಕಾರಣವೂ ಇದೆ. ಈಗೀಗ ನಿಮ್ಮ ದೊಡ್ಡ ತಾತ ಯಾರ ಮನೆಯ ಮದುವೆಗೆ ಹೋದರೂ, “ನಮ್ಮ ನರಸೀಪುರದ ಸೊಸೇನ ನೋಡಿದ್ ಕೂಡ್ಲೇ ನಾನು ಒಪ್ಕೊಂಡೆ, ಇವರಿಬ್ರಿಗೂ ಬಾಯೇ ಇರ್ಲಿಲ್ಲ” ಎಂದು ಎದೆಯ ಮೇಲೆ ಕೈಯಿಟ್ಟು ಹೇಳುತ್ತಾರೆ. ಸುಳ್ಳು ಹೇಳುತ್ತಿದ್ದೇನೆ ಎಂಬುದು ಅವರಿಗೂ ಮರೆತುಹೋಗಿದೆ. ಪಕ್ಕದಲ್ಲೇ ಕೂತ ನಾನು ಹೂಂಗುಡುತ್ತೇನೆ. ಇತ್ತ ನಿಮ್ಮ ನರಸೀಪುರದ ಅಜ್ಜಿ, “ಆ ವರ್ಸ ಎಗ್ಗಣದ ಕಾಟ ಕಣ್ ಬೀಗ್ತಿ, ನನ್ನ ಪಟ್ಟೆ ಗಿಡದ್ದೊಂದು ಮರೀನೇ ಒತ್ಕೊಂಡೋಯ್ತು” ಎಂದು ಬಂದಾಗಲೆಲ್ಲ ಹೇಳುತ್ತಾರೆ. ಅದಕ್ಕೂ ಹೂಂಗುಡುತ್ತೇನೆ. ಹೆಗ್ಗಣ ಅನ್ನಿಸಿಕೊಂಡರೂ ಪರವಾಗಿಲ್ಲ ಎಂದು ಸುಮ್ಮನಿದ್ದೇನೆ.

ಆದರೆ ಇಡೀ ಜೀವಮಾನದಲ್ಲಿ ನನಗೆ ಬೇಕಾದದ್ದನ್ನು ನಾನು ಬಾಯಿಬಿಟ್ಟು ಕೇಳಿದ್ದು ಅದೊಂದೇ ಸಲ. ಕೇಳಿದೆ, ಸಿಕ್ಕಿತು. ಅದು ದೊಡ್ಡ ತಾತನ ಹೆಸರಿನಲ್ಲೇ ಉಳಿದುಬಿಟ್ಟರೆ ನನಗೆ ಸ್ವಲ್ಪ ಬೇಜಾರೇ. ಅದಕ್ಕೆ ಮಕ್ಕಳಾ, ಈ ಹಾಳೆಗಳನ್ನು ಮಡಚಿ, ನನ್ನ ಟ್ರಂಕಿನ ತಳದ ಹತ್ತಿ ಸೀರೆಗಳ ನಡುವೆ ಇಟ್ಟುಕೊಳ್ಳಿ. ತಾರಸಿಗೆ ತರಬೇಡಿ, ನಿಮ್ಮಪ್ಪ ಚೊಂಬು ಹಿಡಿದು ಓಡಾಡುವ ಜಾಗ ಅದು. ಹೆಮ್ಮರಗಾಲದವರ ಕೈಗೂ ನರಸೀಪುರದವರ ಕೈಗೂ ಸಿಗಬಾರದು. ನೀವು ಬೆಳೆದು ದೊಡ್ಡವರಾದ ಮೇಲೆ ಇಬ್ಬರೂ ಒಟ್ಟಿಗೆ ಕೂತು ಇನ್ನೊಂದು ಸಲ ಓದಿ. ಅಲ್ಲಿಯವರೆಗೆ ಇವು ಇಲಿಯ ಪಾಲಾಗದಂತೆ, ಮಳೆಯ ಪಾಲಾಗದಂತೆ ನೋಡಿಕೊಳ್ಳುವ ಭಾರ ನಿಮ್ಮದು.